ಸೆಸ್ನಾ 172ರಿಂದ ಸಿಜೆ2 ಪ್ಲಸ್‌ಗೆ: ಹೋಗಲಾ, ಇಲ್ಲೇ ಇರಲಾ?

ಬಾರಾಮತಿ_ಬಲಸೀಟು:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ನಾಲ್ಕು ವರ್ಷದಿಂದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್. ಲಾಗ್‌ಬುಕ್‌ನಲ್ಲಿ 1,380 ಗಂಟೆ ಇದೆ, ಹೆಚ್ಚುಕಮ್ಮಿ ಎಲ್ಲವೂ ಸೆಸ್ನಾ 172 ಅನ್ನೋ ಒಂದೇ ಎಂಜಿನ್‌ನ ಪುಟ್ಟ ವಿಮಾನದಲ್ಲೇ. ದಿನಾ ರನ್‌ವೇ ಸುತ್ತ ಅದೇ ಸರ್ಕ್ಯೂಟ್, ಅದೇ "ರಡ್ಡರ್, ರಡ್ಡರ್" ಕೂಗು. ಬೇಸರ ಬಂದಿದೆ ಅಂತಲ್ಲ. ಮೊದಲ ಸೋಲೋ (ಒಬ್ಬರೇ ಹಾರುವುದು) ಮುಗಿಸಿ ಇಳಿದ ಹುಡುಗರ ಮುಖ ನೋಡುವುದು ಈಗಲೂ ಖುಷಿಯೇ.

ಈಗ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಹಾರುವ ಒಂದು ಚಾರ್ಟರ್ ಕಂಪನಿ ಕರೆದಿದೆ. ಸಿಟೇಷನ್ ಸಿಜೆ2 ಪ್ಲಸ್ ಅನ್ನೋ ಚಿಕ್ಕ ಜೆಟ್‌ಗೆ ಕೋಪೈಲಟ್. ಟೈಪ್ ರೇಟಿಂಗ್ (ಆ ಮಾದರಿ ವಿಮಾನ ಹಾರಿಸುವ ಅರ್ಹತೆ) ಖರ್ಚು ಅವರದ್ದು, ಮೂರು ವರ್ಷದ ಬಾಂಡ್, ಮಧ್ಯೆ ಬಿಟ್ಟರೆ ದುಡ್ಡು ಕಟ್ಟಬೇಕು. ಜೆಟ್ ಅನ್ನು ನಾನು ಮುಟ್ಟಿಯೇ ಇಲ್ಲ. ಸಿಮ್ಯುಲೇಟರ್‌ನಲ್ಲಿ ಮಾನ ಹೋಗುತ್ತಾ? ಇನ್ನೊಂದು, ಇಲ್ಲಿ ನಾನೇ ಪಿಐಸಿ, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್. ಅಲ್ಲಿ ಮತ್ತೆ ಮೊದಲಿಂದ ಕೈಕಟ್ಟಿ ಕೂರಬೇಕಾ? ನಮ್ಮವ್ವ ಅಂತೂ "ಟೀಚರ್ ಕೆಲಸ ಬಿಟ್ಟು ಡ್ರೈವರ್ ಕೆಲಸಕ್ಕೆ ಯಾಕ ಹೋಗ್ತಿ" ಅಂತಾಳೆ.

ಹಳೇ_ಮಾಸ್ತರು:

ನಿಮ್ಮವ್ವ ಅರ್ಧ ಸರಿಯಾಗೇ ಹೇಳಿದ್ದಾರೆ. ನಾನು ಜಕ್ಕೂರಿನಲ್ಲಿ ಆರು ವರ್ಷ ಪಾಠ ಹೇಳಿ ಬಂದವನು. ಈಗ ಎಡಗಡೆ, ಕ್ಯಾಪ್ಟನ್ ಸೀಟಿನಲ್ಲಿ ಕೂರುತ್ತೇನೆ.

ಸಿಮ್ಯುಲೇಟರ್‌ನಲ್ಲಿ ಮೊದಲ ಮೂರು ದಿನ ತಲೆ ಓಡಲ್ಲ. ಎಲ್ಲರಿಗೂ ಹಾಗೇ. ನಿಮ್ಮ 172 ನಿಮಿಷಕ್ಕೆ ಎರಡು ನಾಟಿಕಲ್ ಮೈಲಿ ಕೂಡ ಹೋಗಲ್ಲ. ಈ ಜೆಟ್ ಆರಕ್ಕೂ ಜಾಸ್ತಿ ಹೋಗುತ್ತೆ. ಹಾಗಾಗಿ ಬಾಯಿಲೆಕ್ಕ ಈಗಿಂದಲೇ ಶುರು ಮಾಡಿ. ಇಳಿಯಬೇಕಾದ ಪ್ರತಿ ಸಾವಿರ ಅಡಿಗೆ ಮೂರು ಮೈಲಿ ಮುಂಚೆಯೇ ಇಳಿಯಲು ಶುರು ಮಾಡಬೇಕು. ಎಚ್‌ಎಎಲ್‌ನ ನೆಲವೇ ಸುಮಾರು 2,900 ಅಡಿ. 37,000 ಅಡಿಯಲ್ಲಿದ್ದರೆ 34 ಸಾವಿರ ಇಳಿಯಬೇಕು, ಅಂದರೆ 102 ಮೈಲಿ. ವೇಗ ಕಮ್ಮಿ ಮಾಡೋಕೆ ಇನ್ನೊಂದು ಹತ್ತು ಸೇರಿಸಿ. 10,000 ಅಡಿಯ ಕೆಳಗೆ 250 ನಾಟ್ ದಾಟುವ ಹಾಗಿಲ್ಲ ಅಲ್ವಾ, ಅದಕ್ಕೆ.

ಲ್ಯಾಂಡಿಂಗ್‌ನಲ್ಲಿ ಒಂದು ಹಳೇ ಚಾಳಿ ಬಿಡಬೇಕು. ಸ್ಟಾಲ್ ವಾರ್ನಿಂಗ್ (ವೇಗ ತೀರಾ ಕಮ್ಮಿ ಆಯ್ತು ಅನ್ನುವ ಎಚ್ಚರಿಕೆ) ಕೂಗುವ ತನಕ ಮೂತಿ ಎತ್ತಿ ಹಿಡಿಯಲು ನಾವೇ ಕಲಿಸುತ್ತೇವೆ. ಜೆಟ್‌ನಲ್ಲಿ ಹಾಗೆ ತೇಲಿಸಿದರೆ ಕೆಟ್ಟಿರಿ. 110 ನಾಟ್‌ನಲ್ಲಿ ಸೆಕೆಂಡಿಗೆ ಸುಮಾರು 56 ಮೀಟರ್ ರನ್‌ವೇ ಹಿಂದೆ ಹೋಗುತ್ತೆ.

ನಿಜವಾದ ಕಷ್ಟ ಕೈಯದ್ದು. ಮೊದಲ ತಿಂಗಳು ಹುಬ್ಬಳ್ಳಿಯಲ್ಲಿ ಇಳಿಯುವಾಗ ಕ್ಯಾಪ್ಟನ್ ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂತಿ ಎತ್ತುವುದು) ಸ್ವಲ್ಪ ತಡ ಮಾಡಿದರು. ನನ್ನ ಕೈ ತಾನಾಗೇ ಹೋಗಿ ಕಂಟ್ರೋಲ್ ಎಳೆದುಬಿಟ್ಟಿತ್ತು! ವಿಮಾನ ನಿಲ್ಲಿಸುವ ಏಪ್ರನ್‌ಗೆ ಬರುವ ತನಕ ಅವರು ಏನೂ ಅನ್ನಲಿಲ್ಲ. ಎಂಜಿನ್ ಆರಿಸಿ, "ಮಾಸ್ತರೇ, ನಾನು ನಿಮ್ಮ ಸ್ಟೂಡೆಂಟ್ ಅಲ್ಲ" ಅಂದರು. ಅವತ್ತಿಂದ ನನಗೆ ಇದೇ ಹೆಸರು. ನಾನು ಮಾಡಬೇಕಿದ್ದದ್ದು ಬಾಯಿಬಿಟ್ಟು ಹೇಳುವುದು: ಸ್ಪೀಡ್, ಸಿಂಕ್ ರೇಟ್ (ಇಳಿಯುವ ವೇಗ), ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರಿ). ಎರಡು ಸಲ ಹೇಳಿಯೂ ಉತ್ತರ ಬರದಿದ್ದರೆ ಕಂಟ್ರೋಲ್ ತೆಗೆದುಕೊಳ್ಳಲು ನಮ್ಮ ಎಸ್‌ಒಪಿಯಲ್ಲೇ (ಕೆಲಸದ ಲಿಖಿತ ನಿಯಮಾವಳಿ) ದಾರಿ ಇದೆ. ಕೈಕಟ್ಟಿ ಕೂರುವ ಕೆಲಸ ಅಲ್ಲ ಅದು.

ಬಲಗಡೆಯಿಂದ ಹಾರಿಸುವುದು ನಿಮಗೆ ಆಗಲೇ ರೂಢಿ. ಏರ್‌ಲೈನ್‌ಗೆ ನೇರ ಹೋದವರಿಗೆ ಅದೂ ಹೊಸದೇ.

ರೋಸ್ಟರ್_ರಾಯ:

ನಾನು ಏರ್‌ಲೈನ್‌ನಲ್ಲಿ ಎ320 ಹಾರಿಸುತ್ತೇನೆ. ನನಗೆ ಮುಂದಿನ ವಾರದ ಮದುವೆಗೆ ಹೋಗಬಹುದಾ ಅಂತ ಇವತ್ತೇ ಗೊತ್ತು. ಚಾರ್ಟರ್‌ನಲ್ಲಿ ರಾತ್ರಿ ಹತ್ತಕ್ಕೆ ಫೋನ್ ಬರುತ್ತೆ, ಬೆಳಿಗ್ಗೆ ಐದಕ್ಕೆ ದೆಹಲಿ. ಯೋಚನೆ ಮಾಡಿ.

ಆಮೇಲೆ, ಸಿಜೆ2 ಪ್ಲಸ್ ಒಬ್ಬ ಪೈಲಟ್ ಹಾರಿಸಲು ಸರ್ಟಿಫೈ ಆದ ವಿಮಾನ. ಕೋಪೈಲಟ್ ಗಂಟೆ ಪೂರ್ತಿ ಲೆಕ್ಕಕ್ಕೆ ಬರದೇ ಇರಬಹುದು, ಹಾಗಾಗಿ ನಿಮ್ಮ ಗಂಟೆಗಳನ್ನು ಹೇಗೆ ಲಾಗ್ ಮಾಡುತ್ತಾರೆ ಅಂತ ಸಹಿ ಹಾಕುವ ಮುಂಚೆ ಬರಹದಲ್ಲಿ ಕೇಳಿ. ಎಟಿಪಿಎಲ್‌ಗೆ (ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್) 1,500 ಗಂಟೆ ಬೇಕು, ನಿಮಗೆ ಇನ್ನು 120 ಅಷ್ಟೇ. ನಾನಾಗಿದ್ದರೆ ಅದನ್ನು ಬಾರಾಮತಿಯಲ್ಲೇ ಮುಗಿಸಿ ಹೊರಡುತ್ತಿದ್ದೆ. ಬಾಂಡ್ ಮೊತ್ತ ತಿಂಗಳು ತಿಂಗಳು ಕಮ್ಮಿ ಆಗುತ್ತಾ, ಇಲ್ಲ ಕೊನೇ ದಿನದ ತನಕ ಪೂರ್ತಿ ಇರುತ್ತಾ? ಅದನ್ನೂ ಕೇಳಿ.

ಜಿಪಿಯು_ಎಲ್ರೀ:

ನಾನು ಪೈಲಟ್ ಅಲ್ಲ, ಎಚ್‌ಎಎಲ್‌ನಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್. 2008ರಲ್ಲಿ ಏರ್‌ಲೈನ್‌ಗಳು ದೇವನಹಳ್ಳಿಗೆ ಹೋದ ಮೇಲೆ ಇಲ್ಲಿ ಚಾರ್ಟರ್‌ನವರದ್ದೇ ಓಡಾಟ. ಕೋಪೈಲಟ್‌ಗಳು ಏನೇನು ಮಾಡುತ್ತಾರೆ ಅಂತ ದಿನಾ ನೋಡುತ್ತೇನೆ. ಫ್ಲೈಟ್ ಪ್ಲಾನ್, ಹಾರಾಟದ ಅನುಮತಿಗೆ ಬೇಕಾದ ಎಡಿಸಿ ಮತ್ತು ಎಫ್‌ಐಸಿ ನಂಬರ್, ಇಂಧನ, ಐಸು, ಪೇಪರು. ಸೂಟ್‌ಕೇಸ್ ಮೂತಿಯ ಡಬ್ಬಿಗೋ ಬಾಲದ ಡಬ್ಬಿಗೋ ಅಂತ ತೂಕ ನೋಡಿ ತುಂಬುವುದು. ಚಿಕ್ಕ ಊರಿನ ಏರ್‌ಪೋರ್ಟ್‌ನ ವಾಚ್ ಅವರ್ಸ್ (ತೆರೆದಿರುವ ಸಮಯ) ಸಾಯಂಕಾಲ ಮುಗಿಯುತ್ತೆ. ಸಾಹೇಬರು ಊಟ ಮುಗಿಸಿ ತಡವಾಗಿ ಬಂದರೆ ಎಕ್ಸ್‌ಟೆನ್ಷನ್‌ಗೆ ಓಡುವವರು ನೀವೇ.

ಇನ್ನೊಂದು: ಆ ವಿಮಾನಕ್ಕೆ ಎಪಿಯು (ನಿಂತಾಗ ಕರೆಂಟು, ಎಸಿ ಕೊಡುವ ಒಳಗಿನ ಪುಟ್ಟ ಎಂಜಿನ್) ಇಲ್ಲ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಜಿಪಿಯು (ಹೊರಗಿಂದ ಕರೆಂಟು ಕೊಡುವ ಗಾಡಿ) ಸಿಗದಿದ್ದರೆ ಕ್ಯಾಬಿನ್ ಒಳಗೆ ರೊಟ್ಟಿ ಬೇಯಿಸಬಹುದು. ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.

ಬಾರಾಮತಿ_ಬಲಸೀಟು:

ಎಲ್ಲರಿಗೂ ಥ್ಯಾಂಕ್ಸ್. ಕಂಪನಿಗೆ ಮೇಲ್ ಹಾಕಿದೆ. ಬಾಂಡ್ ತಿಂಗಳು ತಿಂಗಳು ಕಮ್ಮಿ ಆಗುತ್ತಂತೆ, ಬರೆದುಕೊಡಲು ಒಪ್ಪಿದ್ದಾರೆ. ಗಂಟೆಗಳ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಬರುವ ತನಕ ಸಹಿ ಇಲ್ಲ. ಸೇರುವುದನ್ನು ಎರಡು ತಿಂಗಳು ಮುಂದೆ ಹಾಕಿ ಅಂತಲೂ ಕೇಳಿದ್ದೇನೆ, ಆ 120 ಗಂಟೆಗೆ.

ಮಾಸ್ತರೇ, ಇವತ್ತು ಸಾಯಂಕಾಲ ಒಬ್ಬ ಹುಡುಗನ ಲ್ಯಾಂಡಿಂಗ್‌ಗೆ ಕೈ ಮಡಿಲಲ್ಲೇ ಇಟ್ಟುಕೊಂಡು, ಬರೀ ಬಾಯಲ್ಲಿ ಹೇಳಿ ನೋಡಿದೆ. ಎರಡು ಸಲ ಚೆನ್ನಾಗೇ ಇಳಿಸಿದ. ಮೂರನೇ ಸಲ ಕೈ ಹಾಕಲೇಬೇಕಾಯ್ತು.