ಸಹಾಯ ಬೇಕು: ಅಮ್ಮನ ಮೊಣಕಾಲಿನ ವ್ಯಾಯಾಮ, ಸೆನ್ಸರ್ ಅಳತೆ

ಎಲ್ಲರಿಗೂ ನಮಸ್ಕಾರ. ಅಮ್ಮ ಬಲಗಾಲಿನ ಮೊಣಕಾಲು ಕೀಲು ಬದಲಿಸುವ ಆಪರೇಷನ್ (ನೀ ರಿಪ್ಲೇಸ್‌ಮೆಂಟ್) ಮುಗಿಸಿ ಮನೆಗೆ ಬಂದಿದ್ದಾರೆ. ನಮ್ಮ ಮನೆ ಬ್ರಹ್ಮಾವರದಿಂದ ಒಳಗೆ, ಬಸ್ ಸ್ಟಾಪಿಗೇ ಒಳ್ಳೆ ದೂರ ಉಂಟು. ಈ ಮಳೆಯಲ್ಲಿ ಅವರನ್ನು ದಿನಾ ಉಡುಪಿಗೆ ಕರೆದುಕೊಂಡು ಹೋಗುವುದು ಆಗುವ ಕೆಲಸ ಅಲ್ಲ. ಹಾಗಾಗಿ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮನೆಯಲ್ಲೇ ನಡೆಯುತ್ತಿದೆ.

ಪರಿಚಯದವರೊಬ್ಬರು ಮೋಷನ್ ಸೆನ್ಸರ್ ಜೋಡಿ ಕೊಟ್ಟಿದ್ದಾರೆ. ಒಂದನ್ನು ತೊಡೆಗೆ, ಇನ್ನೊಂದನ್ನು ಮೊಣಕಾಲಿನ ಕೆಳಗೆ ಕಟ್ಟಿದರೆ ಎರಡರ ಓರೆಯ ವ್ಯತ್ಯಾಸ ಲೆಕ್ಕ ಹಾಕಿ ಮೊಬೈಲಿನಲ್ಲಿ ಕೋನ ತೋರಿಸುತ್ತದೆ. ಅಂಕಿ ಏರುವುದು ಕಂಡರೆ ಅಮ್ಮನಿಗೂ ಹುರುಪು. ಬೆವರಿಗೆ ಪಟ್ಟಿ ಜಾರಿದರೆ ಲೆಕ್ಕ ತಪ್ಪುತ್ತದೆ, ಅದಕ್ಕೆ ಪ್ರತಿ ಸಲ ಕಾಲು ಚಾಚಿಸಿ ಸೊನ್ನೆಗೆ ತರಬೇಕು.

ನನ್ನ ಚಿಂತೆ ಇರುವುದು ಇಲ್ಲೇ. ಕಾಲು ಪೂರ್ತಿ ನೇರ ಆಗದಿದ್ದರೂ ಯಂತ್ರ ಅದನ್ನೇ ಸೊನ್ನೆ ಅಂತ ಹಿಡಿಯುತ್ತದೆ. ಮಂಚದ ಮೇಲೆ ಕಾಲು ಚಾಚಿದಾಗ ಮೊಣಕಾಲಿನಡಿ ನನ್ನ ಅಂಗೈ ಸಲೀಸಾಗಿ ತೂರುತ್ತದೆ, ಮೊಬೈಲಿನಲ್ಲಿ ಮಾತ್ರ 0! ಕಾಲು ನೇರ ಆಗದೆ ಉಳಿದರೆ ನಡಿಗೆಯಲ್ಲಿ ಕುಂಟು ಉಳಿಯುತ್ತದೆ. 90 ಡಿಗ್ರಿ ಮಡಚುವುದಕ್ಕಿಂತ ನನಗೆ ಈಗ ಇದೇ ದೊಡ್ಡ ವಿಷಯ.

ಉಡುಪಿ, ಮಣಿಪಾಲ, ಮಂಗಳೂರು ಕಡೆ ಇಂಥ ಸೆನ್ಸರ್ ಬಳಸಿ ಗೊತ್ತಿರುವ ಫಿಸಿಯೋ ಯಾರಾದರೂ ಇದ್ದಾರಾ? ಒಮ್ಮೆ ಮನೆಗೆ ಬಂದು ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಹಿಡಿದು ಅಳೆದು, ಮೊಬೈಲಿನ ಅಂಕಿಗೆ ತಾಳೆ ನೋಡಿ ಕೊಟ್ಟರೆ ಸಾಕು. ಆಮೇಲೆ ವಾರವಾರ ನಾನೇ ಅಂಕಿ ಕಳಿಸುತ್ತೇನೆ, ಅದನ್ನು ನೋಡಿ ವ್ಯಾಯಾಮ ಬದಲಿಸಿ ಹೇಳಬೇಕು. ತುಳು ಬಲ್ಲವರಾದರೆ ಅಮ್ಮನಿಗೆ ಇನ್ನೂ ಧೈರ್ಯ. ಜ್ವರ, ಗಾಯದಲ್ಲಿ ಕೀವು ಏನೂ ಇಲ್ಲ, ಡಾಕ್ಟರ್ ನೋಡಿದ್ದಾರೆ. ಫೀಸು ಎಷ್ಟು ಅಂತಲೂ ತಿಳಿಸಿ, ದಯವಿಟ್ಟು.