ಜೀರುಂಡೆ ಅಂದರೆ ಯಾವ ಹುಳ?

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ, ಮಲೆನಾಡಿನ ಒಂದು ಶಾಲೆಯ ಹಳೇ ಕೋಣೆಯಲ್ಲಿ ಸುತ್ತಮುತ್ತಲಿನ ಹುಳಹುಪ್ಪಟೆ, ಕಾಡುಪ್ರಾಣಿಗಳ ಪುಟ್ಟ ವಸ್ತುಸಂಗ್ರಹಾಲಯ ತಯಾರಾಗುತ್ತಿದೆ. ಮೈಸೂರಿನ ಕಾರಂಜಿ ಕೆರೆ ದಂಡೆಯಲ್ಲಿ 1995ರಿಂದ ಇದೆಯಲ್ಲ, ಅಂಥ ದೊಡ್ಡ ಏರ್ಪಾಡೇನಲ್ಲ. ಗಾಜಿನ ಮುಚ್ಚಳದ ಕೆಲವು ಪೆಟ್ಟಿಗೆ, ಗೋಡೆ ಮೇಲೆ ಫೋಟೋ, ಅಷ್ಟೇ. ಹೆಸರಿನ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಕ್ಕಳಿಗೆ ಅರ್ಥ ಆಗಬೇಕು, ಅವರ ಅಜ್ಜ ಅಜ್ಜಿ ಬಂದು ಓದಿದರೂ 'ಹೌದು, ಇದೇ' ಅನ್ನಬೇಕು.

ಪ್ರಾಣಿಗಳ ಚೀಟಿ ಸಲೀಸಾಗಿ ಮುಗಿಯಿತು. ಕಾಡುಪಾಪ, ಚಿಪ್ಪುಹಂದಿ, ಹಾರುಬೆಕ್ಕು. ಯಾರೂ ತಕರಾರು ತೆಗೆಯಲಿಲ್ಲ. ಹುಳಗಳ ಸರದಿ ಬಂದಾಗ ಜೀರುಂಡೆ ಅನ್ನೋ ಒಂದೇ ಪದ ಎರಡು ಪೆಟ್ಟಿಗೆಗೆ ಬೇಕಾಗಿ ಕೂತಿದೆ.

ಒಂದರಲ್ಲಿರುವುದು ಮರಕ್ಕೆ ಕಚ್ಚಿಕೊಂಡು ಕೂಗುವ ಹುಳ. ಅಗಲ ತಲೆ, ಎರಡೂ ಬದಿಗೆ ಉಬ್ಬಿದ ಕಣ್ಣು, ನರಗಳನ್ನು ಎಣಿಸಬಹುದಾದಷ್ಟು ತಿಳಿಯಾದ ರೆಕ್ಕೆ. ಪಕ್ಕದಲ್ಲೇ ಅದು ಕಳಚಿ ಬಿಟ್ಟುಹೋದ ಪೊರೆಯನ್ನೂ ಇಟ್ಟಿದ್ದಾರೆ. ಬೆನ್ನ ಮೇಲೆ ಉದ್ದಕ್ಕೆ ಸೀಳಿದೆ, ಮುಂಗಾಲಿನ ಕೊಕ್ಕೆ ಇನ್ನೂ ತೊಗಟೆಯ ಚೂರೊಂದನ್ನು ಹಿಡಿದುಕೊಂಡೇ ಇದೆ. ವರ್ಷಗಟ್ಟಲೆ ಮಣ್ಣೊಳಗೆ ಬೇರಿನ ರಸ ಹೀರಿಕೊಂಡಿದ್ದು, ಮೇಲೆ ಬಂದು ಪೊರೆ ಬಿಟ್ಟು, ಆಮೇಲೆ ಕಿವಿ ಗುಂಯ್ ಅನ್ನುವ ಹಾಗೆ ಕೂಗುವುದು ಇದೇ. ಕೂಗುವುದು ಗಂಡು ಮಾತ್ರ. ಹೊಟ್ಟೆಯ ಎರಡು ಬದಿಗೆ ತಮಟೆಯಂಥ ತೆಳುವಾದ ಪೊರೆ ಇದೆ, ಸ್ನಾಯು ಎಳೆದು ಬಿಟ್ಟಂತೆಲ್ಲ ಅದು ಸದ್ದು ಮಾಡುತ್ತದೆ. ನಮ್ಮೂರಲ್ಲಿ ಯಾರನ್ನೇ ಕೇಳಿ, ಇದು ಜೀರುಂಡೆ.

ರಾತ್ರಿ ಬಚ್ಚಲುಮನೆ ಮೂಲೆಯಲ್ಲಿ ಕಿರ್ ಅನ್ನುವ ಹುಳಕ್ಕೂ ಎಷ್ಟೋ ಜನ ಜೀರುಂಡೆ ಅಂತಲೇ ಹೇಳುತ್ತಾರೆ. ಅದು ಮಿಡತೆಯ ಸಂಬಂಧಿ, ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡುತ್ತದೆ. ಅದಕ್ಕೆ ಚಿಮ್ಮಂಡೆ ಅನ್ನೋ ಹೆಸರಿದೆ, ಅಲ್ಲಿಗೆ ಮುಗಿಯಿತು.

ತೊಂದರೆ ಇರುವುದು ಇನ್ನೊಂದು ಪೆಟ್ಟಿಗೆಯದ್ದು. ಅದರಲ್ಲಿ ಇಂಗ್ಲಿಷಿನಲ್ಲಿ ಬೀಟಲ್ ಅನ್ನುತ್ತಾರಲ್ಲ, ಆ ಜಾತಿಯವು. ಸಗಣಿ ಉಂಡೆ ಉರುಳಿಸುವ ಹುಳ, ತೆಂಗಿನ ಸುಳಿ ಕೊರೆಯುವ ಕೊಂಬಿನ ಹುಳ, ಅಡಿಕೆ ತೋಟದ ಬೇರುಹುಳ ಮತ್ತು ಅದೇ ದೊಡ್ಡದಾಗಿ ಮೊದಲ ಮಳೆಗೆ ಸಂಜೆ ಹೊತ್ತು ಮೇಲೆ ಬರುವ ಕಂದು ಹುಳ. ಬಯಲುಸೀಮೆಯ ಮೇಷ್ಟ್ರೊಬ್ಬರು ತಂದುಕೊಟ್ಟ ಹಸಿರು ಮಿರುಗುವ ಜೀರ್ಜಿಂಬೆಯೂ ಇದೆ. ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕಿದವರು ನಿಮ್ಮಲ್ಲೂ ಇರಬೇಕು. ಒಂದೊಂದಕ್ಕೂ ಹೆಸರಿದೆ. ಇಡೀ ಗುಂಪಿಗೆ ಏನು ತಲೆಬರಹ ಕೊಡೋದು? ಪುಸ್ತಕ, ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ಜೀರುಂಡೆ. 'ಸಗಣಿ ಜೀರುಂಡೆ' ಅಂತಲೂ ಬರೆಯುತ್ತಾರೆ. ಒಂದೇ ಕೋಣೆಯಲ್ಲಿ ಕೂಗುವ ಹುಳಕ್ಕೂ ಜೀರುಂಡೆ, ಸಗಣಿ ಉರುಳಿಸುವುದಕ್ಕೂ ಜೀರುಂಡೆ ಅಂದರೆ ಮಕ್ಕಳು ನಗುತ್ತಾರೆ, ಅಲ್ವಾ?

ಈ ಬೆರಕೆ ಹೇಗಾಯಿತು ಅನ್ನುವುದಕ್ಕೆ ನನ್ನದೊಂದು ಊಹೆ. ಜೀರ್ಜಿಂಬೆ, ಜೀರಂಗಿ, ಜೀರುಂಡೆ, ಎಲ್ಲದರ ಹಿಂದೆಯೂ 'ಜೀರ್' ಅನ್ನುವ ಸದ್ದು ಕೇಳಿಸುತ್ತದೆ. ಬೀಟಲ್ ಕೂಡ ಹಾರುವಾಗ ಗೊರ್ರ್ ಅನ್ನುತ್ತದೆ. ಜನ ಸದ್ದು ಹಿಡಿದು ಹೆಸರಿಟ್ಟರು, ಪುಸ್ತಕ ಬರೆದವರು ಅದನ್ನು ಒಂದು ಗುಂಪಿಗೆ ಕಟ್ಟಿಹಾಕಿದರು.

ಕೃಷಿ ಇಲಾಖೆಯವರ ಕರಪತ್ರಗಳಲ್ಲಿ ದುಂಬಿ ಅಂತ ಇರುತ್ತದೆ. ನನಗೆ ಅದು ಒಗ್ಗುವುದಿಲ್ಲ. ಇಲ್ಲಿನವರ ಬಾಯಲ್ಲಿ ದುಂಬಿ ಅಂದರೆ ಮನೆ ತೊಲೆಗೆ, ಬಿದಿರಿಗೆ ತೂತು ಕೊರೆದು ಗೂಡು ಮಾಡುವ, ಹೂವಿಗೆ ಬರುವ ಕಪ್ಪು ಹುಳ. ಅದು ಜೇನಿನ ಸಂಬಂಧಿ. ಪಂಪ ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯಾದರೂ ಹುಟ್ಟಬೇಕು ಅಂದನಲ್ಲ, ಕರಪತ್ರದ ಲೆಕ್ಕ ಹಿಡಿದರೆ ಪಾಪ ತೆಂಗಿನ ಸುಳಿಯಲ್ಲಿ ಹುಟ್ಟಬೇಕಾಗುತ್ತದೆ.

ಹಾಗಾಗಿ ಜೀರುಂಡೆಯನ್ನು ಕೂಗುವ ಹುಳಕ್ಕೇ ಬಿಟ್ಟುಬಿಡೋಣ, ಬೀಟಲ್ ಗುಂಪಿಗೆ 'ಚಿಪ್ಪುಹುಳ' ಅನ್ನೋಣ ಅಂತ ನನಗನಿಸಿದೆ. ಈ ಗುಂಪಿನ ಗುರುತೇ ಅದು. ಮುಂದಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪಾಗಿದೆ, ಹಾರುವ ತೆಳು ರೆಕ್ಕೆ ಅದರಡಿ ಮಡಚಿಕೊಂಡಿರುತ್ತದೆ. ಚಿಪ್ಪುಹಂದಿ ಹಂದಿಯಲ್ಲ, ಹಾರುಬೆಕ್ಕು ಬೆಕ್ಕಲ್ಲ, ಅಳಿಲಿನ ಜಾತಿ. ಆದರೂ ಅವು ಜನರ ಬಾಯಲ್ಲಿ ನಿಂತಿವೆ. ಇದೂ ನಿಲ್ಲಬಹುದು. ನಮ್ಮ ಮೇಷ್ಟ್ರ ಆಕ್ಷೇಪ ಏನೆಂದರೆ, ಚಿಪ್ಪುಹುಳ ಅಂದ ತಕ್ಷಣ ಮಕ್ಕಳ ಕಣ್ಣಿಗೆ ಬಸವನಹುಳ ಬರುತ್ತದೆ. ಅದು ತಳ್ಳಿಹಾಕುವ ಮಾತಲ್ಲ. 'ಚಿಪ್ಪುರೆಕ್ಕೆ ಹುಳ' ಅಂದರೆ ಆ ಗೊಂದಲ ಇಲ್ಲ, ಆದರೆ ಉದ್ದವಾಯಿತು. ಸುಮ್ನೆ ಬೀಟಲ್ ಅಂತಲೇ ಬರೆಯಿರಿ ಅನ್ನುವವರೂ ಇದ್ದಾರೆ. ಬಸ್ಸು, ಕಾಫಿ ಬಂದ ಹಾಗೆ ಅದೂ ಬರಲಿ ಅಂತ. ಬೇರೇನೂ ಸಿಗದಿದ್ದರೆ ನೋಡೋಣ, ಈಗಲೇ ಬೇಡ.

ನಿಮ್ಮಿಂದ ಬೇಕಾಗಿರುವುದು ಇಷ್ಟು. ನಿಮ್ಮ ಊರಲ್ಲಿ ಜೀರುಂಡೆ ಅಂದರೆ ಯಾವುದು, ಕೂಗುವುದೋ ಚಿಪ್ಪಿನದೋ? ಊರಿನ ಹೆಸರನ್ನೂ ಬರೆಯಿರಿ. ಕಲಬುರಗಿ, ಬಳ್ಳಾರಿ, ಕುಂದಾಪುರ, ಕಾಸರಗೋಡು ಕಡೆಯವರ ಉತ್ತರ ಮುಖ್ಯವಾಗಿ ಬೇಕು. ಕರಾವಳಿಯಲ್ಲಿ ತೆಂಗಿನ ಹುಳಕ್ಕೆ ಕುರುವಾಯಿ ಅನ್ನುತ್ತಾರೆ. ಅದು ಆ ಒಂದು ಹುಳಕ್ಕೆ ಮಾತ್ರವೋ, ಅಂಥ ಎಲ್ಲಕ್ಕೂ ಹೇಳುವುದುಂಟೋ? ಚಿಪ್ಪುರೆಕ್ಕೆಯ ಹುಳಗಳಿಗೆಲ್ಲ ಸೇರಿ ಒಂದು ಹೆಸರು ಯಾರಾದರೂ ಹಿರಿಯರ ಬಾಯಲ್ಲಿ ಕೇಳಿದ್ದರೆ ದಯವಿಟ್ಟು ತಿಳಿಸಿ.

ಜೊತೆಗೆ ಇನ್ನೊಂದು. ಏರೋಪ್ಲೇನ್ ಚಿಟ್ಟೆಯ ಚೀಟಿಯೂ ಖಾಲಿ ಇದೆ. ಪುಸ್ತಕದಲ್ಲಿ ಕೊಡತಿ ಹುಳ ಅಂತ ಸಿಗುತ್ತದೆ. ಅದನ್ನು ನಿಜವಾಗಿ ಮಾತಿನಲ್ಲಿ ಬಳಸುವವರು ಇಲ್ಲಿದ್ದೀರಾ? ಏರೋಪ್ಲೇನ್ ಬರುವ ಮುಂಚೆಯೂ ಆ ಹುಳ ಕೆರೆ ಮೇಲೆ ಹಾರಾಡುತ್ತಿತ್ತಲ್ಲ, ಆಗ ಅದನ್ನು ಏನಂತ ಕರೆಯುತ್ತಿದ್ದರು?