‘ಮಿ’ ಅಂದರೆ ಒರಟು, ‘ಮೈಸೆಲ್ಫ್’ ಅಂದರೆ ಗೌರವವೇ?

ಪ್ರಶ್ನೆ: ಮಡಿಕೇರಿ ಕಡೆಯ ಹೋಮ್‌ಸ್ಟೇಗಳು ಅತಿಥಿಗಳಿಗೆ ಕೊಡುವ ಇಂಗ್ಲಿಷ್ ಚೀಟಿಯಲ್ಲಿ ‘ಪ್ಲೀಸ್ ಕಾಲ್ ಮೈ ವೈಫ್ ಆರ್ ಮೈಸೆಲ್ಫ್’ ಎಂದು ಬರೆಯುವುದುಂಟು. ಇದು ಸರಿಯೇ? ‘ಮೈಸೆಲ್ಫ್ ಪೊನ್ನಪ್ಪ’ ಎಂದು ಪರಿಚಯ ಹೇಳಿಕೊಳ್ಳಬಹುದೇ?

ಉತ್ತರ: ಎರಡೂ ಬೇಡ. ಗೌರವಕ್ಕೂ ‘ಮೈಸೆಲ್ಫ್’ಗೂ ನಂಟಿಲ್ಲ. ಜೋಡಿಯಾಗಿ ಬಂದಾಗ ಇನ್ನೊಬ್ಬರನ್ನು ತೆಗೆದು ಓದಿ. ‘ಪ್ಲೀಸ್ ಕಾಲ್ ಮೈಸೆಲ್ಫ್’ ಎಂದು ಯಾರೂ ಬರೆಯುವುದಿಲ್ಲ. ಆದ್ದರಿಂದ ‘ಮೈ ವೈಫ್ ಆರ್ ಮಿ’. ಹಾಗೆಯೇ ‘ಮೈ ವೈಫ್ ಅಂಡ್ ಐ ರನ್ ದಿಸ್ ಪ್ಲೇಸ್’ ಎಂಬಲ್ಲಿ ಹೆಂಡತಿಯನ್ನು ಬಿಟ್ಟು ಓದಿದರೆ ‘ಐ’ ಉಳಿಯುತ್ತದೆ, ‘ಮಿ’ ನಿಲ್ಲುವುದಿಲ್ಲ.

‘ನಾನು ಪೊನ್ನಪ್ಪ’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ, ಇಂಗ್ಲಿಷಿಗೆ ಬೇಕೇ ಬೇಕು. ಎದುರಿಗಿದ್ದಾಗ ‘ಐ ಆಮ್ ಪೊನ್ನಪ್ಪ’, ಫೋನಿನಲ್ಲಾದರೆ ‘ದಿಸ್ ಈಸ್ ಪೊನ್ನಪ್ಪ’.

‘ಮೈಸೆಲ್ಫ್’ಗೆ ಮುಖ್ಯವಾಗಿ ಎರಡು ಕೆಲಸ. ಮಾಡಿದವನ ಮೇಲೇ ಕ್ರಿಯೆ ತಿರುಗಿದರೆ ‘ಐ ಕಟ್ ಮೈಸೆಲ್ಫ್’, ಅಂದರೆ ಕೈಯೋ ಕಾಲೋ ಕೊಯ್ದುಕೊಂಡೆ. ಒತ್ತಿ ಹೇಳುವಾಗ ‘ಐ ರೋಸ್ಟ್ ದ ಕಾಫಿ ಮೈಸೆಲ್ಫ್’, ಅಂದರೆ ನಾನೇ ಹುರಿಯುತ್ತೇನೆ. ಆದರೆ ನಮ್ಮ ‘ಕೊಳ್ಳು’ ಕಂಡಲ್ಲೆಲ್ಲ ಇದನ್ನು ಅಂಟಿಸಬಾರದು: ಮಲಗಿಕೊಂಡೆ ಎನ್ನಲು ‘ಐ ಲೇ ಡೌನ್’ ಸಾಕು. ತಿರುಗುಮುರುಗಾಗಿ, ಅತಿಥಿಗಳ ಪುಸ್ತಕದಲ್ಲಿ ಕಾಣುವ ‘ವಿ ಎಂಜಾಯ್ಡ್ ಎ ಲಾಟ್’ ಅರ್ಧಕ್ಕೇ ನಿಂತ ಮಾತು. ‘ಎಂಜಾಯ್’ಗೆ ಕರ್ಮ ಬೇಕು: ‘ವಿ ಎಂಜಾಯ್ಡ್ ಅವರ್‌ಸೆಲ್ವ್ಸ್’ ಅಥವಾ ‘ವಿ ಎಂಜಾಯ್ಡ್ ದ ಸ್ಟೇ’.

ಉಳಿದ ರೂಪಗಳಿಗೆ ನಮ್ಮ ವಿಭಕ್ತಿಯೇ ದಾರಿ ತೋರುತ್ತದೆ. ನಾನು ‘ಐ’, ನನ್ನನ್ನು ‘ಮಿ’, ನನ್ನ ‘ಮೈ’, ನನ್ನದು ‘ಮೈನ್’. ದಾರಿ ತಪ್ಪುವುದು ಎರಡು ಕಡೆ. ಒಂದು, ‘ನನಗೆ’. ‘ನನಗೆ ಕೊಡಿ’ಯಲ್ಲಿ ಅದು ‘ಮಿ’. ‘ನನಗೆ ಕಾಫಿ ಬೇಕು’, ‘ನನಗೆ ಗೊತ್ತು’ ಎಂಬಲ್ಲಿ ಇಂಗ್ಲಿಷ್ ಅದನ್ನೇ ಕರ್ತೃವಾಗಿಸುತ್ತದೆ: ‘ಐ ವಾಂಟ್’, ‘ಐ ನೋ’. ಇನ್ನೊಂದು, ‘ನನ್ನ ಜೊತೆ’. ಕನ್ನಡದಲ್ಲಿ ಷಷ್ಠಿ ಇದೆಯೆಂದು ‘ವಿತ್ ಮೈ’ ಆಗುವುದಿಲ್ಲ, ‘ವಿತ್ ಮಿ’. ‘ವಿತ್’, ‘ಬಿಟ್ವೀನ್’ನಂಥ ಪದಗಳ ನಂತರ ‘ಮಿ’ ಬರಬೇಕು, ಆದ್ದರಿಂದ ‘ಬಿಟ್ವೀನ್ ಯೂ ಅಂಡ್ ಐ’ ಕೂಡ ಶಿಷ್ಟ ಬರಹದಲ್ಲಿ ತಪ್ಪು. ಅಲ್ಲಿಯೂ ‘ಮಿ’ಯೇ ಸರಿ.

ಪ್ರಶ್ನೆಯಲ್ಲಿ ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಹಿರಿಯರನ್ನು ನಾವು ‘ಅವರು’ ಎನ್ನುತ್ತೇವೆ, ಅದನ್ನೇ ‘ದೇ’ ಮಾಡಿಬಿಡುತ್ತೇವೆ. ‘ಅಜ್ಜ ಮಲಗಿದ್ದಾರೆ, ಅವರು ಆಮೇಲೆ ಸಿಗುತ್ತಾರೆ’ ಎಂಬುದನ್ನು ‘ದೇ ವಿಲ್ ಮೀಟ್ ಯೂ ಲೇಟರ್’ ಎಂದರೆ ಅತಿಥಿ ಬೇರೆ ಯಾರಿಗೋ ಕಾಯುತ್ತಾ ಕೂರುತ್ತಾನೆ. ಅಜ್ಜನಿಗೆ ‘ಹಿ’, ಅಜ್ಜಿಗೆ ‘ಶಿ’. ಅದರಲ್ಲಿ ಅಗೌರವ ಏನೂ ಇಲ್ಲ, ಇಂಗ್ಲಿಷಿನ ಸರ್ವನಾಮಕ್ಕೆ ಬಹುವಚನದ ಗೌರವವೇ ಇಲ್ಲ. ಒಬ್ಬರಿಗೇ ‘ದೇ’ ಸಲ್ಲುವುದು, ಗಂಡೋ ಹೆಣ್ಣೋ ತಿಳಿಯದಿದ್ದಾಗ, ಇಲ್ಲವೇ ಆ ವ್ಯಕ್ತಿಯೇ ಹಾಗೆ ಕರೆಯಿರಿ ಎಂದಾಗ. ಜಗಲಿಯಲ್ಲಿ ಯಾರದೋ ಕೊಡೆ ಉಳಿದಿದ್ದರೆ ‘ಸಮ್‌ವನ್ ಲೆಫ್ಟ್ ದೇರ್ ಅಂಬ್ರೆಲಾ’ ಎಂದು ಧೈರ್ಯವಾಗಿ ಬರೆಯಿರಿ. ಈ ಬಳಕೆ 14ನೇ ಶತಮಾನದಿಂದಲೂ ಇಂಗ್ಲಿಷಿನಲ್ಲಿದೆ.